ಟೈಟೇನಿಯಂ ಸೈಕಲ್ಲು ಮತ್ತು ಒಂದು ಬಿರುಕಿನ ಆಸೆ

ನಮ್ಮ ನಡುಮನೆಯಲ್ಲಿ, ಅಕ್ಕಿ ಡ್ರಮ್ಮಿಗೂ ದೇವರಮನೆ ಬಾಗಿಲಿಗೂ ನಡುವಿನ ಗೋಡೆಗೆ ಎರಡು ಕೊಕ್ಕೆ ಹೊಡೆಸಿ ನನ್ನ ಸೈಕಲ್ಲನ್ನು ತೂಗುಹಾಕಿದ್ದೇನೆ. ಅದರ ಮೇಲುಕೊಳವೆಯ ಮೇಲೆ ಸಾಮಾನ್ಯವಾಗಿ ಒಂದು ಒದ್ದೆ ಟವೆಲ್ ಒಣಗುತ್ತಿರುತ್ತದೆ. ಇದು ಟೈಟೇನಿಯಂ ಎಂಬ ಲೋಹ, ಎಷ್ಟು ನೆನೆದರೂ ತುಕ್ಕು ಹಿಡಿಯುವುದಿಲ್ಲ ಎಂದು ನಾನು ಎಂದೋ ಜಂಬ ಕೊಚ್ಚಿಕೊಂಡಿದ್ದನ್ನು ನನ್ನ ಹೆಂಡತಿ ಶೈಲಜ ಹೀಗೆ ಸದುಪಯೋಗಪಡಿಸಿಕೊಂಡಿದ್ದಾಳೆ. ಆಡಿದ ಮಾತನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲವಾದ್ದರಿಂದ ನಾನು ಸುಮ್ಮನಿದ್ದೇನೆ.

ಈ ಸೈಕಲ್ಲನ್ನು ಹದಿನೈದು ವರ್ಷದ ಹಿಂದೆ ಬೆಂಗಳೂರಿನ ಸವಾರರೊಬ್ಬರು ಮೊಣಕಾಲು ನೋವೆಂದು ಮಾರಿದಾಗ ಕೊಂಡುತಂದೆ. ಬಣ್ಣವಿಲ್ಲದ, ಬೂದುಗೆಂಪೂ ಅಲ್ಲದ ಬೂದುಬಿಳುಪೂ ಅಲ್ಲದ, ಮೋಡ ಕವಿದ ಮಧ್ಯಾಹ್ನದಂಥ ಮೈ ಅದರದು. ಗುಬ್ಬಿಯಲ್ಲಿ ನಾನು ಪ್ರತಿ ಭಾನುವಾರ ಚಹಾ ಕುಡಿಯುವ ಅಂಗಡಿಯವರು ಮೊದಲ ಸಲ ಅದನ್ನು ನೋಡಿದಾಗ, "ಪೇಂಟ್ ಯಾವಾಗ ಹೊಡಿಸ್ತೀರಾ ಸಾರ್?" ಎಂದು ಕೇಳಿದ್ದರು. ಇಂದಿಗೂ ಕೇಳುತ್ತಾರೆ. ಪಾಪ, ಇವನಿಗೆ ಇನ್ನೂ ಅನುಕೂಲವಾಗಿಲ್ಲ ಎಂದೇ ಅವರ ನಂಬಿಕೆ. ಅವರ ಮರುಕದ ಫಲವಾಗಿ ನನಗೆ ಚಹಾದ ಜೊತೆ ಒಂದು ಬನ್ನು ಸದಾ ದೊಡ್ಡದೇ ಸಿಗುತ್ತದೆ.

ಇಂಥ ಸೈಕಲ್ಲನ್ನು ಬಿಟ್ಟು ಹೊಸದೊಂದರ ಮೇಲೆ ನನ್ನ ಕಣ್ಣು ಬಿದ್ದದ್ದು ಈ ವರ್ಷ. ಜೊತೆಗೆ ತುಳಿಯುವ ಗೆಳೆಯರೆಲ್ಲ ಒಬ್ಬೊಬ್ಬರಾಗಿ ಡಿಸ್ಕ್ ಬ್ರೇಕಿನ, ದಪ್ಪ ಟೈರಿನ ಹೊಸ ಸೈಕಲ್ಲುಗಳನ್ನು ತಂದರು. ನನ್ನ ಹಳೆಯ ಚೌಕಟ್ಟಿನೊಳಗೆ ಸಪೂರ ಟೈರು ಮಾತ್ರ ಹಿಡಿಸುತ್ತದೆ. ಹೆಬ್ಬೂರು ದಾಟಿ ಕುಣಿಗಲ್ಲಿನ ಕಡೆ ಹೊರಟರೆ ದಾರಿಯಲ್ಲಿ ಎಷ್ಟು ಹಂಪುಗಳಿವೆ ಎಂಬುದನ್ನು ಅವರು ಮರೆತೇಬಿಟ್ಟರು. ಐವತ್ತಮೂರು ವರ್ಷದ ನನ್ನ ಸೊಂಟ ಮಾತ್ರ ಒಂದನ್ನೂ ಮರೆಯಲಿಲ್ಲ. ಕುಣಿಗಲ್ ಕೆರೆ ಏರಿಯ ಮೇಲೆ ಅವರು ಹರಟುತ್ತಾ ಸಾಗುವಾಗ ಹಿಂದಿನಿಂದ ನೋಡುತ್ತಿದ್ದ ನನಗೆ ಹೊಸ ಚೌಕಟ್ಟಿನ ಆಸೆ ಹುಟ್ಟಿತು. ಚಿಕ್ಕ ಆಸೆಯಲ್ಲ, ಊಟ ಮಾಡುವಾಗಲೂ ಜೊತೆಗೆ ಕೂರುವಂಥ ಆಸೆ.

ಆದರೆ ನಮ್ಮಂಥವರ ಮನೆಗಳ ಕಾನೂನು ನಿಮಗೆ ಗೊತ್ತೇ ಇದೆ. ಒಂದು ವಸ್ತು ಸಾಯದೆ ಇನ್ನೊಂದು ಹುಟ್ಟುವಂತಿಲ್ಲ. ಬೇಕು ಎಂಬ ಮಾತಿಗೆ ನಮ್ಮಲ್ಲಿ ಬೆಲೆಯಿಲ್ಲ, ಬೇಕಾಗಿದೆ ಎಂದರೆ ಮಾತ್ರ ಕೇಳಿಸಿಕೊಳ್ಳುತ್ತಾರೆ. ನನ್ನ ತಾಯಿ ಹೊಸ ಮಿಕ್ಸಿಯ ಆಸೆಯನ್ನು ನಾಲ್ಕು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ದು, ಹಳೆಯದು ಒಂದು ಯುಗಾದಿಯ ಬೆಳಿಗ್ಗೆ ಹೊಗೆ ಬಿಟ್ಟು ಕಣ್ಣುಮುಚ್ಚಿದಾಗ, "ಅಯ್ಯೋ, ಹೋಯ್ತಲ್ಲಪ್ಪ" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಸೆರಗಿನ ಹಿಂದೆ ನಗುತ್ತಿದ್ದರೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ನನ್ನದು ತುಮಕೂರಿನಲ್ಲಿ ಕನ್ನಡಕದ ಅಂಗಡಿ. ಅಲ್ಲಿಗೆ ಬರುವವರದೂ ಇದೇ ಕತೆ. ಕನ್ನಡಿಯ ಮುಂದಿನ ಹೊಸ ಫ್ರೇಮನ್ನು ಓರೆಗಣ್ಣಿನಲ್ಲಿ ನೋಡುತ್ತಾ, ಹಳೆಯದರ ಕಾಲು ಸಡಿಲವಾಗಿದೆ, ಮೂಗಿಗೆ ಒತ್ತುತ್ತದೆ, ಮೊಮ್ಮಗು ತಿರುಚಿತು ಎಂದು ದೂರುತ್ತಾರೆ. ನಾನು ನೋಡಿದರೆ ಅದಕ್ಕೆ ಏನೂ ಆಗಿರುವುದಿಲ್ಲ. ಇಷ್ಟು ವರ್ಷ ಅವರನ್ನು ನೋಡಿ ಒಳಗೊಳಗೇ ನಕ್ಕವನು ನಾನು.

ಹೀಗಿರುವಾಗ ಒಂದು ಬೆಳಿಗ್ಗೆ ಸೈಕಲ್ಲು ಒರೆಸುತ್ತಿದ್ದವನಿಗೆ, ಪೆಡಲಿನ ಅಚ್ಚು ಕೂರುವ ಜಾಗದಲ್ಲಿ, ಕೊಳವೆಗಳು ಕೂಡುವ ಬೆಸುಗೆಯ ಪಕ್ಕಕ್ಕೆ, ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಕಂಡಿತು. ಒರೆಸಿದೆ, ಹೋಗಲಿಲ್ಲ. ಅಂಗಡಿಯಿಂದ ಭೂತಗನ್ನಡಿ ತಂದು ನೋಡಿದೆ, ಗೆರೆ ಇನ್ನೂ ಗಂಭೀರವಾಗಿ ಕಂಡಿತು. ಬಿರುಕು! ಟೈಟೇನಿಯಂ ಚೌಕಟ್ಟು ಬಿರಿದರೆ ಸಾಮಾನ್ಯವಾಗಿ ಅಂಥ ಬೆಸುಗೆಯ ಬಳಿಯೇ ಎಂದು ಓದಿದ್ದೆ. ಹದಿನೈದು ವರ್ಷ ನನ್ನನ್ನು ಹೊತ್ತ ಜೀವಕ್ಕೆ ಹೀಗಾಯಿತೆಂದು ನನಗೆ ದುಃಖವಾಗಬೇಕಿತ್ತು. ಆದದ್ದು ಸಂತೋಷ.

"ಬಿರುಕು ಬಿಟ್ಟಿದೆ ಕಣೇ," ಎಂದು ಶೈಲಜಳಿಗೆ ಆದಷ್ಟು ಸೋತ ದನಿಯಲ್ಲಿ ಹೇಳಿದೆ. "ಇನ್ನು ಇದನ್ನ ತುಳಿಯೋ ಹಾಗಿಲ್ಲ. ಬೇರೆ ನೋಡಬೇಕು."

ಅವಳು ನಿಜಕ್ಕೂ ಹೆದರಿದಳು. "ಅಯ್ಯೋ, ಮುಟ್ಟಲೇಬೇಡಿ ರೀ ಅದನ್ನ. ಎಲ್ಲಾದ್ರೂ ದಾರೀಲಿ ಮುರ್ಕೊಂಡು ಬಿದ್ರೆ? ಮೊದ್ಲು ಯಾರಿಗಾದ್ರೂ ತೋರ್ಸಿ."

ಅವಳ ಹೆದರಿಕೆ ನೋಡಿ ಮನಸ್ಸಿಗೆ ಚುರುಕ್ಕೆಂದಿತು. ಆದರೂ ಮೂರು ವಾರ ನಾನು ಯಾರಿಗೂ ತೋರಿಸಲಿಲ್ಲ. ಪ್ರತಿ ದಿನ ಭೂತಗನ್ನಡಿ ಹಿಡಿದು ಗೆರೆ ಬೆಳೆದಿದೆಯೇ ಎಂದು ನೋಡುತ್ತಿದ್ದೆ, ಬೀಜ ಬಿತ್ತಿದವನ ಹಾಗೆ.

ಕಡೆಗೆ ಅವಳ ಒತ್ತಾಯ ತಾಳಲಾರದೆ ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಆಟೋದಲ್ಲಿ ಹಾಕಿಕೊಂಡು ಹೋದೆ. ಅಲ್ಲಿ ನಯಾಜ್ ಎಂಬವರು ಸ್ಟೀಲ್ ಟ್ಯಾಂಕುಗಳನ್ನು ಬೆಸೆಯುತ್ತಾರೆ. ನನ್ನ ಅಂಗಡಿಯ ಹಳೆಯ ಗಿರಾಕಿ. ಅವರು ಸೈಕಲ್ಲನ್ನು ಬೆಂಚಿನ ಮೇಲೆ ಮಲಗಿಸಿ, ನಾನು ಮಾಡಿಕೊಟ್ಟ ಕನ್ನಡಕವನ್ನೇ ಮೂಗಿಗೇರಿಸಿ, ಗೆರೆಯನ್ನು ದಿಟ್ಟಿಸಿದರು. ಆಮೇಲೆ ಉಗುರಿನಿಂದ ಕೆರೆದರು. ಉಗುರಿನ ತುದಿಗೆ ಏನೋ ಪುಡಿ ಬಂತು. ಬೆರಳುಗಳ ನಡುವೆ ಉಜ್ಜಿ ಮೂಸಿದರು.

"ಸಾರ್, ಮನೇಲಿ ಆಯುಧಪೂಜೆ ಜೋರಾಗಿ ಮಾಡ್ತೀರಾ?"

"ಮಾಡ್ತೀವಿ. ಯಾಕೆ?"

"ಇದು ವಿಭೂತಿ ಸಾರ್. ನಮ್ ಓನರು ಎಲ್ಲಾ ಮಷೀನ್‌ಗೂ ಹಚ್ತಾರೆ, ಸಂದೀಲಿ ಹಿಂಗೇ ಕೂತ್ಕೊಂಬುಡತ್ತೆ."

ನನಗೆ ಎಲ್ಲವೂ ಹೊಳೆಯಿತು. ಪ್ರತಿ ಆಯುಧಪೂಜೆಗೂ ಶೈಲಜ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಈ ಸೈಕಲ್ಲಿನ ಒಂದೊಂದು ಕೊಳವೆಗೂ ಮೂರು ಮೂರು ಗೆರೆ ಎಳೆಯುತ್ತಾಳೆ. ಅಂಗಡಿಯ ಯಂತ್ರಗಳಿಗೆ ಒಂದು ಸಲ ಎಳೆದರೆ ಇದಕ್ಕೆ ಎರಡು ಸಲ, ಯಾಕೆಂದರೆ ನಾನು ಲಾರಿಗಳ ನಡುವೆ ಓಡಾಡುವುದು ಇದರ ಮೇಲೆ. ಹದಿನೈದು ವರ್ಷ ಇಳಿದ ವಿಭೂತಿ, ಚೈನಿನ ಎಣ್ಣೆ, ಕುಣಿಗಲ್ ರಸ್ತೆಯ ಧೂಳು ಸೇರಿ ಬೆಸುಗೆಯ ಅಂಚಿನಲ್ಲಿ ಗಟ್ಟಿಯಾಗಿ ಕುಳಿತಿತ್ತು. ನನ್ನ ತಲೆ ಕಾಯಲೆಂದು ಅವಳು ಎಳೆದ ಗೆರೆಯನ್ನೇ ನಾನು ಬಿರುಕೆಂದು ಹಿಡಿದುಕೊಂಡು ಕೂತಿದ್ದೆ.

ನಯಾಜ್ ಅಷ್ಟಕ್ಕೇ ಬಿಡಲಿಲ್ಲ. ಜಾಗವನ್ನು ಪೂರ್ತಿ ಉಜ್ಜಿ, ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರು. ಒಳಗೆ ಬಿರುಕಿದ್ದರೆ ಅದರಲ್ಲಿ ಉಳಿದ ಎಣ್ಣೆ ಜಿನುಗಿ ಬಿಳಿ ಪುಡಿಯ ಮೇಲೆ ಗೆರೆ ಮೂಡುತ್ತದಂತೆ. ನಾವಿಬ್ಬರೂ ಬಗ್ಗಿ ನೋಡುತ್ತಾ ನಿಂತೆವು. ಅವರು ಮೂಡದಿರಲಿ ಎಂದು, ನಾನು ಮೂಡಲಿ ಎಂದು. ಪುಡಿ ಹಾಲಿನ ಕೆನೆಯಂತೆ ಬೆಳ್ಳಗೇ ಉಳಿಯಿತು.

"ಕಲ್ಲಿದ್ದಂಗಿದೆ ಸಾರ್ ನಿಮ್ ಗಾಡಿ," ಎಂದವರು ನನ್ನ ಮುಖ ನೋಡಿ ನಿಂತರು. "ಯಾಕ್ ಸಾರ್, ಸಪ್ಪಗಾಗ್ಬುಟ್ರಿ? ಬಿರುಕು ಬೇಕಾಗಿತ್ತಾ?"

ನಾನು ಸೀಮೆಸುಣ್ಣದ ಪುಡಿ ಒರೆಸತೊಡಗಿದೆ. ಅವರಿಗೆ ಅರ್ಥವಾಯಿತು. ದನಿ ತಗ್ಗಿಸಿ, "ಬೇಕಂದ್ರೆ ಹೇಳಿ, ಎರಡು ನಿಮಿಷ, ಒಂದು ಸಣ್ಣದು ಮಾಡ್ಕೊಡ್ತೀನಿ," ಎಂದು ಪಕ್ಕದ ಗರಗಸ ತೋರಿಸಿ ಗಹಗಹಿಸಿದರು.

ನಾನೂ ನಕ್ಕೆ. ಆದರೆ ನಿಮ್ಮಲ್ಲಿ ಮುಚ್ಚಿಡುವುದೇನು, ನಗುವ ಮೊದಲು ಒಂದು ಕ್ಷಣ ನಾನು ಆ ಗರಗಸವನ್ನು ನೋಡಿದ್ದೆ. ಆ ಕ್ಷಣ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ವಾಪಸು ಬರುವಾಗ ತುಳಿದುಕೊಂಡೇ ಬಂದೆ. ಆಸೆಪಡುವುದು ತಪ್ಪಲ್ಲ, ಅದು ವಯಸ್ಸಾದ ಮೇಲೂ ನಮ್ಮಲ್ಲಿ ಮಿಡಿಯುವ ಯೌವನ. ಆದರೆ ಅದನ್ನು ಬಾಯಿಬಿಟ್ಟು ಹೇಳಲಾರದೆ ನಾವು ಎಷ್ಟು ಗಟ್ಟಿಮುಟ್ಟಾದ ವಸ್ತುಗಳ ಮೇಲೆ ಸುಳ್ಳು ಆಪಾದನೆ ಹೊರಿಸುತ್ತೇವೆ! ವಸ್ತುಗಳ ವಿಷಯ ಹಾಗಿರಲಿ, ನೌಕರಿ, ಸ್ನೇಹ, ಊರು, ಯಾವುದನ್ನು ಬಿಡಬೇಕೆನಿಸಿದರೂ ಮೊದಲು ಅದರಲ್ಲೊಂದು ಕೊರತೆ ಹುಡುಕುತ್ತೇವೆ. ಸಿಗದಿದ್ದರೆ ಗರಗಸ ಹೇಗೂ ಪಕ್ಕದಲ್ಲೇ ಇರುತ್ತದೆ. ಸುಳ್ಳು ಹೇಳುವುದೋ ನಿಜ ಹೇಳುವುದೋ ಎಂದು ದಾರಿಯುದ್ದಕ್ಕೂ ತೂಗಿದೆ. ಬಿರುಕು ಇದೆ ಎಂದುಬಿಟ್ಟರೆ ಶೈಲಜ ಅಂದೇ ಹೊಸದು ತನ್ನಿ ಎನ್ನುತ್ತಿದ್ದಳು. ಅವಳಿಗೆ ಬೇಕಾದದ್ದು ನಾನು ಬೀಳದಿರುವುದು, ಅಷ್ಟೇ.

ಅವಳು ಗೇಟಿನ ಬಳಿಯೇ ಕಾಯುತ್ತಿದ್ದಳು. ಸೈಕಲ್ಲಿನ ಮೇಲೆ ಬಂದದ್ದು ನೋಡಿ ಗಾಬರಿಯಾದಳು.

"ಬಿರುಕಿಲ್ಲ ಕಣೇ," ಎಂದೆ. "ಅದು ನೀನು ಹಚ್ಚಿದ ವಿಭೂತಿ. ಸೈಕಲ್ಲು ಚೆನ್ನಾಗಿದೆ. ನನಗೇ ಹೊಸದು ಬೇಕು ಅನ್ನಿಸಿತ್ತು."

"ಬೇಕು ಅಂದ್ರೆ ಬೇಕು ಅಂತ ಹೇಳ್ಬಾರ್ದಾ? ಮೂರು ವಾರ ನಾನಿಲ್ಲಿ ನಿದ್ದೆಗೆಟ್ಟು ಸಾಯ್ತಿದೀನಿ," ಎಂದು ಬೈದು, ಒಳಗೆ ಹೋಗುತ್ತಾ, "ಹೋಗಿ, ಆ ಬೆಂಗಳೂರಿನ ಸೈಕಲ್ ಅಂಗಡಿಯವ್ರಿಗೆ ಫೋನ್ ಮಾಡಿ. ತಗೊಳ್ಳಿ," ಎಂದಳು.

ಒಪ್ಪಿಗೆ ಇಷ್ಟು ಸುಲಭಕ್ಕೆ ಸಿಕ್ಕಿತಲ್ಲ ಎಂದು ಕಕ್ಕಾಬಿಕ್ಕಿಯಾಗಿ ಫೋನ್ ಮಾಡಿದೆ. ಅಂಗಡಿಯವರು ನನ್ನ ಎತ್ತರ ಕೇಳಿದರು, ಬಣ್ಣ ಕೇಳಿದರು, ಕೊನೆಗೆ, "ಹಳೇದಕ್ಕೆ ಏನ್ ಪ್ರಾಬ್ಲಂ ಸಾರ್?" ಎಂದರು. "ಏನೂ ಇಲ್ಲ" ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮಾರ್ಕೋನಹಳ್ಳಿ ಅಣೆಕಟ್ಟೆಯವರೆಗೆ ಎದುರುಗಾಳಿಯಲ್ಲಿ ಹೋದದ್ದು, ಒಂದು ಸಲ ಹಳ್ಳಕ್ಕೆ ಬಿದ್ದರೂ ನನ್ನ ಮೊಣಕೈ ತರಚಿತೇ ಹೊರತು ಅದಕ್ಕೆ ಗೀರೂ ಬೀಳದಿದ್ದದ್ದು, ಇಳಿಜಾರಿನಲ್ಲಿ ಕೈಬಿಟ್ಟರೂ ನೇರ ಹೋಗುವುದು, ಎಲ್ಲ ಹೇಳಿದೆ. ಆ ಕಡೆಯವರು ಬಹಳ ತಾಳ್ಮೆಯಿಂದ ಕೇಳಿ, "ಸಾರ್, ನೀವು ಹೊಸದು ತಗೊಳ್ಳೋಕೆ ಫೋನ್ ಮಾಡಿದ್ದಾ, ಹಳೇದು ಮಾರೋಕಾ?" ಎಂದರು. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು.

"ಎರಡೂ ಅಲ್ಲ" ಎಂದು ಫೋನ್ ಇಟ್ಟೆ.

ಬೇಕು ಎನ್ನಲು ಮೂರು ವಾರ ಕಾರಣ ಹುಡುಕಿದ್ದವನು ಬೇಡ ಎನ್ನಲು ಒಂದನ್ನೂ ಹುಡುಕಲಿಲ್ಲ. ಶೈಲಜ ಬಾಗಿಲಿಗೆ ಬಂದು, ಏನಾಯಿತೆಂದು ಕೇಳದೆ, "ಭಾನುವಾರ ಗುಬ್ಬಿಯಿಂದ ಬೇಗ ಬನ್ನಿ, ಚಪಾತಿ ಆರೋಗತ್ತೆ," ಎಂದಷ್ಟೇ ಹೇಳಿ ಹೋದಳು.