ಮೂಸಿ ನೋಡಿದ ಸೀರೆ

ಸೀರೆ ವಾಪಸು ಬಂದರೆ ಮೊದಲು ಮೂಸಿ ನೋಡಬೇಕು. ಕುಂದಾಪುರದ ಬಟ್ಟೆ ಅಂಗಡಿಗೆ ಕೆಲಸಕ್ಕೆ ಸೇರಿದ ವಾರದಲ್ಲೇ ಧಣಿಗಳು ಹೇಳಿಕೊಟ್ಟ ಪಾಠ ಅದು. ಜನ ಮದುವೆಗೆ ಉಟ್ಟು, ಇಸ್ತ್ರಿ ಹಾಕಿ, ಬೆಲೆಚೀಟಿ ಮತ್ತೆ ಸಿಕ್ಕಿಸಿ, ಬಣ್ಣ ಹಿಡಿಸಲಿಲ್ಲ ಅಂತ ತರುತ್ತಾರೆ. ಸೆರಗಿಗೆ ಮೂಗಿಟ್ಟರೆ ಬೆವರೋ ಸೆಂಟೋ ಹೊಡೆದು ಸುಳ್ಳು ಗೊತ್ತಾಗುತ್ತದೆ. ನಾನು ಅದರಲ್ಲಿ ಎತ್ತಿದ ಕೈ. ಒಬ್ಬೊಬ್ಬರನ್ನು ಹಿಡಿದು ಹಾಕಿದಾಗಲೂ ಒಳಗೊಳಗೇ ಹಿಗ್ಗುತ್ತಿದ್ದೆ. ಥೂ, ಅದೂ ಒಂದು ಹೆಮ್ಮೆಯಾ!

ಆ ಹೆಂಗಸು ಬಂದದ್ದು ಜುಲೈ ತಿಂಗಳಲ್ಲಿ, ನಾನು ಊಟ ಮುಗಿಸಿ ಕೌಂಟರಿಗೆ ಬಂದು ನಿಂತ ಹೊತ್ತಿಗೆ ಸರಿಯಾಗಿ. ಗಂಗೊಳ್ಳಿ ಕಡೆಯವರು. ಎರಡು ದಿನದ ಹಿಂದೆ ಮಗಳ ಸೀಮಂತಕ್ಕೆಂದು ಒಯ್ದ ನೀಲಿ ಸೀರೆ ತಂದಿದ್ದರು. ಅಂಚು ಕಪ್ಪು ಅಂತ ಬೀಗರ ಮನೆಯ ಅಜ್ಜಿ ತಕರಾರು ತೆಗೆದಿದ್ದಾರಂತೆ. ನಾಳೆಯೇ ಸೀಮಂತ, ಇದನ್ನು ಇಟ್ಟುಕೊಂಡು ಒಂದು ಹಸಿರು ಸೀರೆ ಕೊಟ್ಟರೆ ಸಾಕು ಅಂದರು. ಹೇಳುವಾಗ ಕೈ ಮೇಜಿನ ಮೇಲಿತ್ತು. ಉಪ್ಪಿಗೂ ಮಂಜುಗಡ್ಡೆಗೂ ಬಿರಿದ ಕೈ. ಅಂಥ ಕೈ ನನಗೆ ಚೆನ್ನಾಗಿ ಗೊತ್ತು. ನನ್ನ ಅಮ್ಮ ಬೈಂದೂರಿನಲ್ಲಿ ಇಪ್ಪತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವಳು. ಅಂಗಡಿಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ.

ಸೆರಗು ಎತ್ತಿ ಮೂಗಿಗೆ ಹಿಡಿದೆ. ಮೀನಿನ ವಾಸನೆ ಗಪ್ಪನೆ ಬಡಿಯಿತು.

"ಇದ್ ಉಟ್ಟ ಸೀರೆ ಅಮ್ಮ. ಮೀನ್ ವಾಸ್ನಿ ಬತ್ತಾ ಇತ್ತ್."

ಮೆಲ್ಲಗೆ ಹೇಳಬಹುದಿತ್ತು. ಆದರೆ ನನ್ನ ಹಾಳು ಬಾಯಿ, ಇಡೀ ಅಂಗಡಿಗೆ ಕೇಳುವ ಹಾಗೆ ಹೇಳಿತು. ಪಕ್ಕದಲ್ಲಿ ಚೂಡಿದಾರ ನೋಡುತ್ತಿದ್ದ ಇಬ್ಬರು ತಿರುಗಿ ನೋಡಿದರು, ಒಬ್ಬಳು ಎರಡು ಹೆಜ್ಜೆ ಸರಿದು ನಿಂತಳು.

"ದೋಣಿ ಇಳೀದೆ ತಿಂಗ್ಳಾಯ್ತ್ ಮಗಾ," ಅಂದರು ಅವರು. "ಮನಿಯಗ್ ಮೀನೇ ಇಲ್ಲೆ."

ಮಳೆಗಾಲದಲ್ಲಿ ಕಡಲಿಗೆ ಇಳಿಯುವುದಿಲ್ಲ ಅನ್ನುವುದು ನನಗೇನು ಗೊತ್ತಿಲ್ಲದ್ದೇ? ಆದರೂ ಬಿಡಲಿಲ್ಲ. ಹೀಗೆ ಉಟ್ಟು ತಂದರೆ ನಾವು ಯಾರಿಗೆ ಮಾರುವುದು, ಉಳಿದ ಸೀರೆಗೂ ವಾಸನೆ ಹಿಡಿದರೆ ಎಂತ ಮಾಡುವುದು ಅಂತ ಒಂದೇ ಸಮನೆ ಹೇಳಿದೆ. ಧಣಿಗಳು ಕೂತಲ್ಲಿಂದಲೇ ಆಗುವುದಿಲ್ಲ ಅಂತ ತಲೆ ಆಡಿಸಿದರು. ಆ ಹೆಂಗಸು ಸೀರೆ ಮಡಚಿ, ಕವರಿಗೆ ಹಾಕಿ, ಕೊಡೆ ಹಿಡಿದು ಹೊರಗೆ ಹೋದರು.

ಅವರು ಹೋದ ಮೇಲೆ ಹಣೆಗೆ ಬಿದ್ದ ಕೂದಲು ಹಿಂದೆ ಸರಿಸಲು ಕೈ ಎತ್ತಿದೆ. ಅದೇ ವಾಸನೆ. ಅಮ್ಮ ಬುತ್ತಿಗೆ ಒಣ ಸಿಗಡಿ ಚಟ್ನಿ ಹಾಕಿಕೊಟ್ಟಿದ್ದಳು. ಅವಸರದಲ್ಲಿ ಬೆರಳು ನೀರಿಗೆ ಅದ್ದಿ, ಒರೆಸಿಕೊಂಡು ಓಡಿ ಬಂದಿದ್ದೆ. ನಾನು ಮೂಸಿದ್ದು ಅವರ ಸೀರೆಯನ್ನಲ್ಲ, ನನ್ನ ಕೈಯನ್ನೇ.

ಗಾಜಿನಾಚೆ ಅವರು ಕಾಣುತ್ತಿದ್ದರು. ರಸ್ತೆಯ ಆ ಬದಿ, ಬಸ್ಸಿಗೆ ಕಾಯುತ್ತ, ಕವರು ನೆನೆಯದಂತೆ ಎದೆಗೆ ಒತ್ತಿಕೊಂಡು. ಓಡಿ ಹೋಗಿ, ತಪ್ಪಾಯ್ತಮ್ಮ, ಬನ್ನಿ, ಹಸಿರು ಸೀರೆ ಕೊಡುತ್ತೇನೆ ಅಂದರೆ ಮುಗಿಯುತ್ತಿತ್ತು. ಆದರೆ ಧಣಿಗಳಿಗೆ ಎಂತ ಹೇಳುವುದು? ಮೀನಿನ ಕೈಯಲ್ಲಿ ರೇಷ್ಮೆ ಮುಟ್ಟಿದವಳು ಅಂತ ಕೆಲಸ ಹೋದರೆ? ಆ ಚೂಡಿದಾರದವರು ನನ್ನಿಂದಲೂ ಎರಡು ಹೆಜ್ಜೆ ಸರಿದರೆ? ನಿಜ ಹೇಳುತ್ತೇನೆ, ಕೆಲಸಕ್ಕಿಂತ ಅದಕ್ಕೇ ನಾನು ಹೆಚ್ಚು ಹೆದರಿದೆ. ಬಸ್ಸು ಬಂತು. ಅವರು ಹತ್ತಿದರು. ನಾನು ಹಿಂದೆ ಹೋಗಿ ಸೋಪು ಹಾಕಿ ಕೈ ತೊಳೆದುಕೊಂಡೆ.

ಸಂಜೆ ಮನೆಗೆ ಬಂದವಳು ನನ್ನ ಮೇಲಿನ ಸಿಟ್ಟನ್ನೆಲ್ಲ ಅಮ್ಮನ ಮೇಲೆ ತೀರಿಸಿಕೊಂಡೆ. ಇನ್ನು ನನ್ನ ಬುತ್ತಿಗೆ ಆ ದರಿದ್ರ ಚಟ್ನಿ ಹಾಕಬೇಡ ಅಂದೆ. ಯಾಕೆ ಅಂತ ಕೇಳಿದಳು. ಆದದ್ದನ್ನೆಲ್ಲ ಹೇಳಿದೆ. ಅಮ್ಮ ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

"ಅವ್ರ್ ಎಂತ ಹೇಳ್ರ್?" ಅಂತ ಮಾತ್ರ ಕೇಳಿದಳು.

ಏನೂ ಹೇಳಲಿಲ್ಲ, ಸುಮ್ಮನೆ ಹೋದರು ಅಂದೆ.

"ನಾನಾದ್ರೂ ಎಂತದೂ ಹೇಳ್ತಿರ್ಲಿಲ್ಲೆ," ಅಂದಳು.

ಅಂಗಡಿಗೆ ಉಟ್ಟು ಹೋಗುವ ನನ್ನ ಯೂನಿಫಾರ್ಮ್ ಸೀರೆಯನ್ನು ದಿನಾ ಬೆಳಿಗ್ಗೆ ನೆರಿಗೆ ಹಿಡಿದು ಸರಿ ಮಾಡಿ ಕೊಡುವವಳು ಅಮ್ಮನೇ. ಮರುದಿನ ಕರೆದರೆ ಬೇಗ ಬರಲಿಲ್ಲ. ಹೋಗಿ ನೋಡಿದೆ. ಬಚ್ಚಲಲ್ಲಿ ನಿಂತು ಕೈಗೆ ಸೋಪು ಹಾಕಿ ತಿಕ್ಕುತ್ತಿದ್ದಳು. ತೊಳೆದು, ಮೂಸಿ ನೋಡಿ, ಮತ್ತೊಮ್ಮೆ ಸೋಪು ಹಾಕಿದಳು.