ದಫೇದಾರ ಕಾರು ಹತ್ತಿದ್ದು

ಮೊನ್ನೆ ಹಾಸನದಲ್ಲಿ ನಮ್ಮ ಹೊಸ ಕಾರಿಗೆ ಪೂಜೆ ಮಾಡಿಸಿದೆ. ಅರ್ಚಕರು ಕುಂಕುಮ ಹಚ್ಚಿ, ಹೂವು ಸಿಕ್ಕಿಸಿ, ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು, "ನಿಧಾನಕ್ಕೆ ಮುಂದೆ ಬಿಡಿ ಸಾರ್" ಅಂದರು. ಬಿಟ್ಟೆ. ನಿಂಬೆಹಣ್ಣು ಒಡೆದ ವಾಸನೆ ಕಿಟಕಿಯಿಂದ ಒಳಗೆ ಬಂತು. ಇಳಿದು ಮಂಗಳಾರತಿ ತೆಗೆದುಕೊಳ್ಳಬೇಕಾದವನು ಸ್ಟಿಯರಿಂಗ್ ಹಿಡಿದುಕೊಂಡು ಕೂತೇ ಇದ್ದೆ. ನೀವೇನಾದರೂ ಪಕ್ಕದ ಸೀಟಿನಲ್ಲಿದ್ದಿದ್ದರೆ, ದೇವರ ಮುಂದೆ ಯಾಕೆ ಈ ಸಿಕ್ಕಿಬಿದ್ದ ಕಳ್ಳನ ಮುಖ ಎಂದು ಕೇಳುತ್ತಿದ್ದಿರಿ. ಕೇಳದಿದ್ದರೂ ಹೇಳುತ್ತೇನೆ. ಇದು ಒಂದು ನಾಯಿಯನ್ನು ಕಾರಿಗೆ ಹತ್ತಿಸಿದ ಕಥೆ. ಅದು ಹತ್ತದಿರಲಿ ಎಂದು ನಾನು ಮಾಡಿದ ಒಂದು ಸಣ್ಣ ಕೆಲಸವೂ ಇದರೊಳಗಿದೆ.

ಆಗ ನಾನು ಅರಕಲಗೂಡಿನ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಮದುವೆಯಾಗಿರಲಿಲ್ಲ. ಮನೆಯಲ್ಲಿದ್ದವರು ಮೂವರು: ನಾನು, ನನ್ನ ತಂದೆಯ ತಂಗಿ ಚಿಕ್ಕತ್ತೆ ಮತ್ತು ಅವಳ ನಾಯಿ ದಫೇದಾರ. ಚಿಕ್ಕತ್ತೆ ನನ್ನನ್ನು ಚಿಕ್ಕಂದಿನಿಂದ ಎತ್ತಿ ಆಡಿಸಿದವಳು. ಗಂಡ ತೀರಿಕೊಂಡ ಮೇಲೆ ಮಲ್ಲಿಪಟ್ಟಣದಿಂದ ನನ್ನ ಜೊತೆಗಿರಲು ಬಸ್ಸಿನಲ್ಲಿ ಬಂದಾಗ ಅವಳ ಕೈಯಲ್ಲಿ ಒಂದು ಬಟ್ಟೆಯ ಚೀಲ, ಚೀಲದಲ್ಲಿ ಎರಡು ನಿಂಬೆಹಣ್ಣು, ನಿಂಬೆಹಣ್ಣಿನ ಮೇಲೆ ಒಂದು ತಿಂಗಳ ಕಂದು ಬಣ್ಣದ ನಾಯಿಮರಿ. ಅದರ ಎದೆಗೆ ಅಡ್ಡಲಾಗಿ ಬಿಳಿ ಪಟ್ಟೆಯಿತ್ತು. ಕಚೇರಿ ದಫೇದಾರರು ಹಾಕಿಕೊಳ್ಳುವ ಅಡ್ಡಪಟ್ಟಿಯ ಹಾಗೇ ಇದೆ ಅಂತ ನಾನು ತಮಾಷೆಗೆ ಅಂದದ್ದು ಹೆಸರಾಗಿ ನಿಂತುಹೋಯಿತು.

ನಿಂಬೆಹಣ್ಣು ಯಾಕೆ ಅಂತೀರಾ? ಅತ್ತೆಗೆ ವಾಹನ ಹತ್ತಿದರೆ ವಾಂತಿ. ನಿಂಬೆಹಣ್ಣು ಮೂಸುತ್ತಾ ಕೂತರೆ ಮಾತ್ರ ಹೊಟ್ಟೆ ಸುಮ್ಮನಿರುತ್ತಿತ್ತು. ಹಾಸನದ ಬಸ್ಸಿನಲ್ಲಿ ಅವಳ ಹಣ್ಣನ್ನು ಅಕ್ಕಪಕ್ಕದ ಸೀಟಿನವರು "ಒಂದ್ಗಳ್ಗೆ ಇತ್ಲಾಗ್ ಕೊಡವ್ವ" ಎಂದು ಇಸಿದುಕೊಳ್ಳುತ್ತಿದ್ದರು. ಅದು ಇಡೀ ಬಸ್ಸು ಸುತ್ತಿ ಬೆಚ್ಚಗಾಗಿ ಹಿಂದಕ್ಕೆ ಬರುತ್ತಿತ್ತು. ಅತ್ತೆ ಸೆರಗಿನಲ್ಲಿ ಒರೆಸಿ ಮತ್ತೆ ಮೂಗಿಗೆ ಹಿಡಿಯುತ್ತಿದ್ದಳು. ನಾನು ಒಂದು ಹಳೇ ಬಿಳಿ ಕಾರು ತೆಗೆದುಕೊಂಡಾಗ ಮುಂಭಾಗಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದವಳೂ ಅವಳೇ, ಡ್ಯಾಶ್‌ಬೋರ್ಡಿನ ಮೇಲೆ ಎರಡು ಇಟ್ಟವಳೂ ಅವಳೇ.

ಅಷ್ಟರಲ್ಲಿ ನನಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಅಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಜೈನರೊಬ್ಬರ ಮನೆ ಬಾಡಿಗೆಗೆ ಸಿಕ್ಕಿತು. ಹಿಂದೆ ಇದ್ದವರ ನಾಯಿ ಬಾಗಿಲನ್ನೆಲ್ಲ ಕೆರೆದು ಹಾಕಿತ್ತಂತೆ. "ನಿಮ್ ಮನೇಲಿ ನಾಯಿ ಗೀಯಿ ಇಲ್ಲ ತಾನೆ ಸಾ?" ಅಂತ ಮನೆ ಯಜಮಾನರು ಕೇಳಿದರು. "ಇಲ್ಲ" ಅಂದೆ. ಮನೆ ಚೆನ್ನಾಗಿತ್ತು, ಬಾಯಿ ತಪ್ಪಿ ಬಂತು ಅಂತ ಇಟ್ಟುಕೊಳ್ಳಿ. ಊರಿಗೆ ಬಂದು ಅತ್ತೆಗೆ ಮೆಲ್ಲಗೆ ಹೇಳಿದೆ: ದಫೇದಾರನನ್ನು ಹಾಲಿನವರ ಮನೆಯಲ್ಲಿ ಬಿಟ್ಟುಹೋಗೋಣ, ಅವರು ಒಪ್ಪಿದ್ದಾರೆ.

"ಅವ್ನು ನನ್ ನಂಬ್ಕಂಡ್ ಬಂದೋನು ಕಣ್ಲಾ. ಅವ್ನು ಬರ್ದಿದ್ರೆ ನಾನೂ ಬರಾಕಿಲ್ಲ. ನೀನೋಗು."

"ಅವನು ಕಾರೇ ಹತ್ತಲ್ಲವಲ್ಲ ಅತ್ತೆ?"

"ಅತ್ತುಸ್ತೀನಿ."

ಸಾಮಾನಿನ ಲಾರಿಯಲ್ಲಿ ಕಟ್ಟಿ ಕಳಿಸೋಣ ಅಂದದ್ದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಹೀಗೆ ತಾಲೀಮು ಶುರುವಾಯಿತು. ನಾನು ಮೊದಲ ದಿನ ದಫೇದಾರನನ್ನು ಹಿಂದಿನಿಂದ ತಳ್ಳಿ ನೋಡಿದೆ. ನಾಲ್ಕು ಕಾಲನ್ನೂ ಊರಿ ಅವನು ಅಕ್ಕಿ ಮೂಟೆಯಾದ. ಎತ್ತಿ ಒಳಗೆ ಹಾಕಿದರೆ ಇನ್ನೊಂದು ಬಾಗಿಲಿನಿಂದ ನನಗಿಂತ ಮೊದಲು ಹೊರಗಿದ್ದ. ಅತ್ತೆ ಜಗಲಿಯ ಮೇಲಿಂದ ನೋಡುತ್ತಿದ್ದಳು.

"ತಳ್ಳಿದ್ರೆ ಆಗಾಕಿಲ್ಲ ಕಣ್ಲಾ. ಬಾಗ್ಲು ತೆಗ್ದಿಟ್ಟು ಸುಮ್ಕೆ ಕಾಯ್ಬೇಕು. ಅವ್ನಾಗವ್ನೇ ಬರ್ಬೇಕು."

ದಿನಾ ಮಧ್ಯಾಹ್ನ ಅತ್ತೆ ನಿಂತ ಕಾರಿನ ಹಿಂದಿನ ಸೀಟಿನಲ್ಲಿ ಕಿಟಕಿ ಪಕ್ಕ ಕೂರುವಳು. ಪಕ್ಕದ ಜಾಗ ದಫೇದಾರನಿಗೆ. ಬಲಗೈಯಲ್ಲಿ ಸಾರಿನಲ್ಲಿ ಅದ್ದಿದ ಮುದ್ದೆ. ನಿಂತ ಕಾರಾದರೂ ಸೀಟಿನ ವಾಸನೆಗೇ ಹೊಟ್ಟೆ ತೊಳಸುತ್ತಿದ್ದರಿಂದ ಎಡಗೈಯಲ್ಲಿ ನಿಂಬೆಹಣ್ಣು. ದಫೇದಾರ ಬಾಲ ಆಡಿಸುತ್ತಾ ಬಂದು, ಬಾಗಿಲ ಹತ್ತಿರ ಮೂಗು ಚಾಚಿ, ಒಂದು ಸೀನು ಸೀನಿ ವಾಪಸ್ಸು ಹೋಗುತ್ತಿದ್ದ. ದೃಷ್ಟಿಯಾಗಿದೆ ಅಂತ ಅತ್ತೆ ನಿಂಬೆಹಣ್ಣಿನಲ್ಲಿ ಅವನಿಗೆ ಇಳಿ ತೆಗೆದಳು. ಮಾರನೆಯ ದಿನ ಕಾರಿಗೂ ತೆಗೆದಳು. ಆಮೇಲೆ ಹಣ್ಣು ಕುಯ್ದು ಕುಂಕುಮ ಸವರಿ ನಾಲ್ಕು ಚಕ್ರಕ್ಕೂ ಇಟ್ಟಳು. ಅಂದಿನಿಂದ ಅವನು ಕಾರು ನಿಂತಿದ್ದ ಗೇಟಿನ ಕಡೆಗೇ ಬರಲಿಲ್ಲ. ನಾವಿಬ್ಬರೂ ಓದಿದವರಂತೆ ಕೂತು ಕಾರಣ ಹುಡುಕಿದೆವು. ಎಂಜಿನ್ ಸದ್ದು ಅಂದೆ ನಾನು. ಸೀಟಿನ ಕರಿ ಬಣ್ಣ ಅಂದಳು ಅತ್ತೆ.

ಹೊರಡಲು ಇನ್ನೂ ಹತ್ತು ದಿನ ಇರುವಾಗ, ಒಂದು ಭಾನುವಾರ ಅತ್ತೆ ನಾಮಕರಣವೊಂದಕ್ಕೆ ಮಲ್ಲಿಪಟ್ಟಣಕ್ಕೆ ಹೋದಳು. ನಾನು ಕಾರಿನೊಳಗೂ ಚಕ್ರಗಳ ಬಳಿಯೂ ಒಣಗಿದ್ದ ನಿಂಬೆಹಣ್ಣುಗಳನ್ನೆಲ್ಲ ತೆಗೆದು ಬಿಸಾಕಿ, ಬಾಗಿಲು ತೆರೆದಿಟ್ಟು ಕಾರು ತೊಳೆದೆ. ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ದಫೇದಾರ ಹಿಂದಿನ ಸೀಟಿನಲ್ಲಿ ಸಾಹೇಬರ ಹಾಗೆ ಕೂತಿದ್ದ. ಇತಿಹಾಸದ ಮೇಷ್ಟ್ರು ಅಂದು ಒಂದು ವಿಜ್ಞಾನದ ಪ್ರಯೋಗ ಮಾಡಿದೆ. ಅಡುಗೆಮನೆಯಿಂದ ಒಂದು ನಿಂಬೆಹಣ್ಣು ತಂದು ಸೀಟಿನ ಮೇಲಿಟ್ಟೆ. ಸೀನಿದ, ಇಳಿದ. ಹಣ್ಣನ್ನು ಒಳಗಿಟ್ಟು ಬಂದೆ. ಮತ್ತೆ ಹತ್ತಿದ.

ಅತ್ತೆ ಬಂದ ತಕ್ಷಣ ಹೇಳಬೇಕಿತ್ತು. ಹೇಳಲಿಲ್ಲ. ಚನ್ನರಾಯಪಟ್ಟಣದ ಯಜಮಾನರ ಮುಖ ಕಣ್ಣ ಮುಂದೆ ಬಂತು. ನಾಯಿ ಹತ್ತಲೇ ಇಲ್ಲವಾದರೆ ಅತ್ತೆ ಕೊನೆಗೆ ಮನಸ್ಸು ಬದಲಾಯಿಸುತ್ತಾಳೆ ಅಂದುಕೊಂಡೆ. ಸೀಟು ಒರೆಸಿದೆ. ಡ್ಯಾಶ್‌ಬೋರ್ಡಿನ ಮೇಲೆ ಎರಡು ಹೊಸ ನಿಂಬೆಹಣ್ಣು ಇಟ್ಟೆ. ಈ ಎರಡನೆಯ ಕೆಲಸವನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ನಾಲ್ಕು ದಿನ ಹಾಗೇ ಕಳೆಯಿತು. ಅತ್ತೆ ಆ ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲ. ಮನೆ ಬಿಡುವ ಬೇಜಾರು ಅಂದುಕೊಂಡೆ. ಗುರುವಾರ ಅವಳು ಮನೆಯಲ್ಲಿದ್ದ ನಿಂಬೆಹಣ್ಣನ್ನೆಲ್ಲ, ಕಾರಿನವನ್ನೂ ಸೇರಿಸಿ, ಉಪ್ಪಿನಕಾಯಿಗೆ ಹೆಚ್ಚಲು ಕೂತಳು. ಕಾರಿನ ಬಾಗಿಲು ತೆರೆದೇ ಇತ್ತು. ಸ್ವಲ್ಪ ಹೊತ್ತಿಗೆ ದಫೇದಾರ ತಾನಾಗಿ ಹತ್ತಿ ಮಲಗಿದ್ದು ಕಿಟಕಿಯಿಂದ ಕಾಣಿಸಿತು. ಅತ್ತೆ ಸಂತೋಷ ತಡೆಯಲಾರದೆ, ಕೈಯನ್ನೂ ತೊಳೆಯದೆ ಓಡಿಹೋಗಿ ಅವನ ತಲೆ ಸವರಲು ಕೈ ಚಾಚಿದಳು. ಅವನು ಮುಖ ತಿರುಗಿಸಿ ಹಾರಿ ಓಡಿದ. ಅತ್ತೆ ರಸ ಸೋರುವ ಕೈಯನ್ನೇ ನೋಡುತ್ತಾ ನಿಂತಳು. ಆಮೇಲೆ ಅದನ್ನು ಮೂಸಿದಳು.

"ನಿಂಗೇನಾರ ಗೊತ್ತಿತ್ತೇನ್ಲಾ?"

"ನನಗೆಲ್ಲಿ ಗೊತ್ತಾಗಬೇಕು ಅತ್ತೆ."

ಅವಳು ಒಳಗೆ ಹೋದಳು. ಕೈ ತೊಳೆದು ಬಂದು, ಕಾರಿನ ಮುಂದೆ ಕಟ್ಟಿದ್ದನ್ನೂ ಬಿಚ್ಚಿದಳು. ಅಂದಿನಿಂದ ತಾಲೀಮು ಅತ್ತೆಗೆ. ನಿಂಬೆಹಣ್ಣಿಲ್ಲದೆ ಮೊದಲು ನಿಂತ ಕಾರಿನಲ್ಲಿ, ಆಮೇಲೆ ಬೀದಿಯ ಕೊನೆಯವರೆಗೆ, ಆಮೇಲೆ ಊರಾಚೆಯವರೆಗೆ. ದಫೇದಾರ ಪಕ್ಕದಲ್ಲಿ ಆರಾಮಾಗಿ ಕೂತಿರುತ್ತಿದ್ದ. ಅತ್ತೆ ಕಣ್ಣು ಮುಚ್ಚಿ ಹಲ್ಲು ಕಚ್ಚಿ ಕೂತಿರುತ್ತಿದ್ದಳು. "ಕಲೀತೀನಿ ಬುಡು. ಅವ್ನಿಗೇನ್ ಎಲ್ಡ್ ಹೊಟ್ಟೆ ಐತಾ?" ಅನ್ನುವಳು. ಕನ್ನಡಿಯಲ್ಲಿ ಅವಳ ಮುಖ ನೋಡಿದಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಹೊರಟ ದಿನ ಹೊಳೆನರಸೀಪುರದವರೆಗೆ ಅತ್ತೆ ಮುಂದಿನ ಸೀಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಹೇಮಾವತಿ ಸೇತುವೆಯ ಮೇಲೆ ತಿರುಗಿ ನೋಡಿದರೆ, ಅವಳು ದಫೇದಾರನ ನೆತ್ತಿಗೆ ಮೂಗು ಒತ್ತಿಕೊಂಡಿದ್ದಳು. "ಏನಾರ ಒಂದ ಮೂಸ್ಬೇಕಲ್ಲಪ್ಪ" ಅಂದಳು. ಸೇತುವೆ ದಾಟಿದ ಮೇಲೆ ಒಮ್ಮೆ ವಾಂತಿಯಾಯಿತು, ಸುಳ್ಳು ಯಾಕೆ ಹೇಳಲಿ. ಅವಳ ಜೊತೆ ದಫೇದಾರನೂ ಇಳಿದು, ಅವಳು ಬಾಯಿ ತೊಳೆದುಕೊಳ್ಳುವವರೆಗೆ ಕಾದು, ಅವಳಿಗಿಂತ ಮೊದಲು ಒಳಗೆ ಹತ್ತಿ ಕೂತ.

ನಾವು ತಲುಪಿದಾಗ ಮನೆ ಯಜಮಾನರು ಹೊತ್ತು ಮುಳುಗುವುದರೊಳಗೆ ಊಟ ಮುಗಿಸಿ ಗೇಟಿನಲ್ಲಿ ನಿಂತಿದ್ದರು. ಮೊದಲು ಇಳಿದವನು ದಫೇದಾರ. ಅವರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. "ನಾಯಿ ಇಲ್ಲ ಅಂದಿದ್ರಿ. ಇರ್ಲಿ ಬಿಡಿ ಸಾ, ಅದೂ ಒಂದು ಜೀವ" ಅಂದರು. ಇಷ್ಟೇ ಮಾತಿಗೆ ಹೆದರಿ ನಾನು ಅಷ್ಟೆಲ್ಲ ಮಾಡಿದ್ದೆ. ಮುಂದೆ ಒಂಬತ್ತು ವರ್ಷ, ಅಂದರೆ ಸಾಯುವವರೆಗೆ, ದಫೇದಾರ ಸಂಜೆ ಊಟಕ್ಕೆ ಅವರ ಮನೆಗೇ ಹೋಗುತ್ತಿದ್ದ.

ಮೊನ್ನೆ ಪೂಜೆ ಮುಗಿಸಿ ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲೆ ಕೂತಿದ್ದಳು. ಮಂಡಿ ನೋವು, ದೇವಸ್ಥಾನಕ್ಕೆ ಬಂದಿರಲಿಲ್ಲ. ಒಂದು ಸುತ್ತು ಹೋಗೋಣ ಬಾ ಅಂತ ಕರೆಯಲು ಹೋದವನು ಅವಳ ಪಕ್ಕ ಕೂತು ಎಲ್ಲ ಹೇಳಿಬಿಟ್ಟೆ. ಭಾನುವಾರದ್ದು, ಎರಡು ಹೊಸ ನಿಂಬೆಹಣ್ಣಿನದ್ದು.

"ಗೊತ್ತಿತ್ತು" ಅಂದಳು ಅತ್ತೆ. "ಹಣ್ಣಿನ್ ವಿಸ್ಯ ಕೈ ಮೂಸ್ದಾಗ್ಲೇ ತಿಳೀತು. ಅದ್ಕೂ ಮುಂಚೆ ಮಲ್ಲಿಪಟ್ಟಣದಿಂದ ಬಂದಾಗ್ಲೇ ಸೀಟ್ ಸಂದೀಲಿ ಅವನ ಹೊಸ ಕೂದ್ಲ ಕಂಡೆ. ನಾನಿಲ್ದಾಗ ಕಾರ್ ಅತ್ತವ್ನೆ, ನಾನಿದ್ರೆ ಅತ್ತಾಕಿಲ್ಲ. ನನ್ ಕಂಡ್ರೇ ಆಗಾಕಿಲ್ವೇನೋ ಅಂತ ನಾಕ್ ದಿನ ಅನ್ನ ಸೇರ್ನಿಲ್ಲ ಕಣ್ಲಾ."

ಆ ನಾಲ್ಕು ದಿನದ ಲೆಕ್ಕ ನನಗೆ ಇಷ್ಟು ವರ್ಷ ತಪ್ಪಾಗಿಯೇ ಗೊತ್ತಿತ್ತು.

"ಮತ್ತೆ ನನ್ನನ್ನ ಯಾಕೆ ಬಯ್ಯಲಿಲ್ಲ?"

"ತಳ್ಳಿದ್ರೆ ಬತ್ತಿದ್ದಾ? ನೀನಾಗ್ ನೀನೇ ಬರ್ಲಿ ಅಂತ ಸುಮ್ಕಿದ್ದೆ. ಬಾಳ ತಡ ಮಾಡ್ದೆ. ನಡಿ, ಕಾರ್ ತೋರ್ಸು."

ಡ್ಯಾಶ್‌ಬೋರ್ಡಿನ ಮೇಲೆ ಅರ್ಚಕರು ಇಟ್ಟಿದ್ದ ನಿಂಬೆಹಣ್ಣನ್ನು ತೆಗೆದು ಜಗಲಿಯ ಮೇಲಿಟ್ಟೆ. ಮುಂದೆ ಕೂರು ಅಂದರೆ ಅತ್ತೆ ಕೇಳಲಿಲ್ಲ. ಹಿಂದಿನ ಬಾಗಿಲು ತೆಗೆಸಿ, ಮಂಡಿ ಹಿಡಿದುಕೊಂಡು ಹತ್ತಿ, ಕಿಟಕಿಯ ಪಕ್ಕಕ್ಕೆ ಸರಿದು ಕೂತಳು. ಪಕ್ಕದ ಜಾಗ ಖಾಲಿ ಬಿಟ್ಟು, ಅದರ ಮೇಲೆ ಕೈ ಇಟ್ಟುಕೊಂಡಳು. ನಾನು ಬಾಗಿಲು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಆಮೇಲೆ ಹಾಕಿದೆ.