ಎಸ್ತೇರವ್ವನ ಹೊಸ ಸೀರೆ

ಎಸ್ತೇರವ್ವ ಹೊಸ ಸೀರೆ ಉಟ್ಟದ್ದನ್ನು ನಾನು ನೋಡಿದ್ದು ಒಂದೇ ಸಲ. ಹಾಗಂತ ಆಕೆ ಹೊಸದು ತರುತ್ತಿರಲಿಲ್ಲವೆಂದಲ್ಲ. ಕ್ರಿಸ್ಮಸ್ಸಿಗೆ ವರ್ಷಕ್ಕೊಂದು ತಂದು ಟ್ರಂಕಿನಲ್ಲಿ ಇಡುವಳು. ಹಬ್ಬದ ದಿನ ಚರ್ಚಿಗೆ ಹೊರಟಾಗ ನೋಡಿದರೆ ಮೈಮೇಲೆ ಅದೇ, ಒಗೆದು ಒಗೆದು ಬಣ್ಣ ಹೋದ ನೀಲಿ ಸೀರೆ! ವಿಜಯಪುರದ ಇಬ್ರಾಹಿಂಪುರ ಬಡಾವಣೆಯ ನಮ್ಮ ಓಣಿಯ ಹೆಂಗಸರು "ಮುದುಕಿ ಭಾಳ ಜಿಪುಣಿ ಬಿಡ್ರಿ" ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಸುಳ್ಳೇಕೆ ಹೇಳಲಿ.

ಆಸ್ಪತ್ರೆಯಲ್ಲಿ ಆಯಾ ಆಗಿದ್ದು ನಿವೃತ್ತಳಾದವಳು. ಗಂಡ ಇಲ್ಲ, ಮಕ್ಕಳಿಲ್ಲ. ಡಿಸೆಂಬರ್ ಬಂತೆಂದರೆ ಬಾಗಿಲಿಗೆ ಕಾಗದದ ನಕ್ಷತ್ರ ಕಟ್ಟಿ, ಬೆಳಗಾಗುತ್ತಲೇ ಹಳೆಯ ವಾರ್ಡಿಗೆ ಹೋಗಿಬಿಡುವಳು. ಯಾರೂ ನೋಡಲು ಬರದ ರೋಗಿಗಳ ತಲೆ ಬಾಚುವಳು, ಉಗುರು ತೆಗೆಯುವಳು, ಗಂಜಿ ಕುಡಿಸುವಳು.

"ಹಬ್ಬದ ತಯಾರಿ ಯಾವಾಗ ಮಾಡ್ತೀಯಬೇ?" ಎಂದರೆ, "ಅದನ್ನ ಮಾಡಾಕತ್ತೇನಲ್ಲ ಯವ್ವಾ" ಅನ್ನುವಳು.

ನಮ್ಮವ್ವನಿಗೆ ಲಕ್ವಾ ಹೊಡೆದಾಗ ನಾನು ಕಂಗಾಲಾಗಿದ್ದೆ. ಬಬಲೇಶ್ವರದ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಟೀಚರ್ ನಾನು. ಮನೆಯಲ್ಲಿ ಬೇರೆ ಯಾರೂ ಇಲ್ಲ. ಎಸ್ತೇರವ್ವ ಕರೆಯದೆಯೇ ಬಂದಳು. ಅವ್ವ ಮೊದಮೊದಲು ಆಕೆಯ ಕೈಯ ನೀರು ಕೂಡ ಕುಡಿಯಲಿಲ್ಲ. ಈಕೆ ಬೇಸರ ಮಾಡಿಕೊಳ್ಳದೆ ಮಗ್ಗಲು ಹೊರಳಿಸುವಳು, ಮೈ ಒರೆಸುವಳು. ಪೂಜೆಯ ಹೊತ್ತಾದರೆ ವಿಭೂತಿಯನ್ನು ಅವ್ವನ ಎಡಗೈಗೆ ಎಟಕುವ ಹಾಗೆ ಇಟ್ಟು, ತಾನು ಹೊರಗೆ ಹೋಗಿ ನಿಲ್ಲುವಳು.

"ನಿನ್ನ ಸ್ವಾಮಿ ಸುದ್ದಿ ಅವ್ವಗ ಹೇಳಂಗಿಲ್ಲೇನು?" ಎಂದು ಒಮ್ಮೆ ಕೆಣಕಿದೆ.

"ಮೊದಲ ಬೆನ್ನು ಹುಣ್ಣಾಗದಂಗ ನೋಡ್ಕೋತೀನಿ. ಉಳಿದದ್ದು ಅವಂಗ ಬಿಟ್ಟದ್ದು."

ಕೊನೆಗೆ ಅವ್ವ ಆಕೆ ಬಂದ ಹೊರತು ಬಾಯಿಯೇ ತೆರೆಯುತ್ತಿರಲಿಲ್ಲ. ಸಾಯುವ ಮುಂಚೆ, ತಾನು ಉಡದೆ ಜತನ ಮಾಡಿಟ್ಟ ಇಳಕಲ್ ಸೀರೆಯ ಕಡೆ ಕೈಮಾಡಿ ತೊದಲಿದಳು: "ಎಸ್ತೇರಗ ಕೊಡು. ಹಬ್ಬಕ್ಕ ಉಡ್ಲಿ."

ಕೊಟ್ಟೆ. ಆ ಕ್ರಿಸ್ಮಸ್ಸಿನ ದಿನ ಅವ್ವನ ಸೀರೆಯನ್ನು ಆಕೆಯ ಮೈಮೇಲೆ ನೋಡುವ ಆಸೆಯಿಂದ ಹೋದರೆ, ಎಸ್ತೇರವ್ವ ಅದೇ ನೀಲಿ ಸೀರೆಯಲ್ಲಿ ಕರ್ಚಿಕಾಯಿಯ ತಾಟು ಹಿಡಿದು ಬಂದಳು.

"ಅವ್ವನ ಸೀರಿ ಎಲ್ಲೈತಿ?"

ಆಕೆ ತಲೆ ತಗ್ಗಿಸಿದಳು. "ಅಥಣಿ ರಸ್ತೇದಾಗ ಒಬ್ಬಾಕಿ ಬಿದ್ದಿದ್ಳಂತ. ಆಸ್ಪತ್ರಿಗೆ ತಂದ್ರೂ ಉಳೀಲಿಲ್ಲ. ಹೆಸರಿಲ್ಲ, ಊರಿಲ್ಲ. ದಾರಿ ನೋಡಿದ್ರು, ಯಾರೂ ಬರ್ಲಿಲ್ಲ. ಮಣ್ಣಿಗೆ ಒಯ್ಯೂ ಮುಂದ ಮೈಮ್ಯಾಲ ಹರಕ ಚಾದರ ಇತ್ತು. ಮೈ ತೊಳದು, ಸೀರಿ ಉಡಿಸಿ ಕಳಿಸಿದ್ನಿ. ವರ್ಷಾ ಯಾರರ ಒಬ್ರು ಇರ್ತಾರ ಯವ್ವಾ."

ಇಷ್ಟು ವರ್ಷದ ಸೀರೆಗಳೆಲ್ಲ ಎಲ್ಲಿ ಹೋದವು ಎಂಬುದು ಆಗ ತಿಳಿಯಿತು. ತಿಳಿದರೂ ನನ್ನ ಸಿಟ್ಟು ಇಳಿಯಲಿಲ್ಲ. ನನ್ನ ಸಿಟ್ಟೇ ಅಂಥದು.

"ಹೆಣಕ್ಕ ಉಡಸಾಕ ಕೊಟ್ಟಿದ್ನೇನು ನಾ? ಹಳೇದೊಂದು ಉಡಿಸಿದ್ರ ಆಗ್ತಿರಲಿಲ್ಲೇನು?"

"ಹಬ್ಬದಾಗ ಹಳೇದು ಹೆಂಗ ಉಡಿಸಲಿ?" ಎಂದಳು, ನಿಜವಾಗಿ ಅರ್ಥವಾಗದವಳಂತೆ. "ಸ್ವಾಮಿ ಹುಟ್ಟಿದಾಗ ಅವರವ್ವ ಅರಿವ್ಯಾಗ ಸುತ್ತಿದ್ಲು, ಸತ್ತಾಗ ಯಾರೋ ಸುತ್ತಿದ್ರು. ಆಕಿಗೂ ಯಾರರ ಬೇಕಲ್ಲ."

ಕರ್ಚಿಕಾಯಿ ಮುಟ್ಟದೆ ಎದ್ದು ಬಂದೆ. ಆಮೇಲೆ ವರ್ಷವಿಡೀ ಮಾತಿಲ್ಲ. ಆಕೆ ಎಂದಿನಂತೆ "ಸಾಲಿಗೇನು ಯವ್ವಾ?" ಎಂದು ಕೇಳುವಳು, ನಾನು ಮುಖ ತಿರುವಿ ಬಸ್ಸಿಗೆ ನಡೆಯುವೆ.

ಕಳೆದ ಡಿಸೆಂಬರಿನ ಹೊತ್ತಿಗೆ ಸಿಟ್ಟು ಹೋಗಿ ನಾಚಿಕೆ ಉಳಿದಿತ್ತು. ಹಸಿರು ಬಣ್ಣದ ಇಳಕಲ್ ಸೀರೆಯೊಂದನ್ನು ತಂದು ಕಪಾಟಿನಲ್ಲಿಟ್ಟೆ. ಇವತ್ತು ಕೊಡೋಣ, ನಾಳೆ ಕೊಡೋಣ, ಹಬ್ಬದ ದಿನವೇ ಕೊಟ್ಟರಾಯಿತು ಎಂದು ದಿನ ದೂಡಿದೆ. ಅಷ್ಟು ಹತ್ತಿರದ ಮನೆಗೆ ಹೋಗಲು ಕಾಲು ಏಳಲಿಲ್ಲ.

ಹಬ್ಬಕ್ಕೆ ಎರಡು ದಿನವಿರುವಾಗ ಶಾಲೆಗೆ ಪಕ್ಕದ ಮನೆಯವರ ಫೋನು ಬಂತು. "ಎಸ್ತೇರವ್ವ ಹೋದ್ಳರಿ ಟೀಚರ್. ವಾರ್ಡಿನ್ಯಾಗ ಯಾರಿಗೋ ಗಂಜಿ ಕುಡಸ್ಕೋತ ಕುಂತಾಕಿ ಹಂಗ ವಾಲಿದ್ಳಂತ."

ಬಬಲೇಶ್ವರದಿಂದ ವಿಜಯಪುರದ ತನಕ ಬಸ್ಸಿನಲ್ಲಿ ನಿಂತೇ ಬಂದೆ. ಬಾಗಿಲಲ್ಲಿ ನಕ್ಷತ್ರ ತೂಗುತ್ತಿತ್ತು. ಚರ್ಚಿನ ಹೆಂಗಸರು ಮೈ ತೊಳೆದು, ಚಾದರ ಹೊದಿಸಿ, ಟ್ರಂಕು ತೆರೆದು ಕೂತಿದ್ದರು. ಒಳಗೆ ಬೈಬಲ್ಲು, ಒಂದು ಬಾಚಣಿಕೆ, ಎರಡು ಸವೆದ ಸೀರೆ.

"ಈ ವರ್ಷದ ಹೊಸಾದು?" ಎಂದೆ.

"ಅದನ್ನ ಹ್ವಾದ ವಾರನ ಯಾರಿಗೋ ಉಡಿಸ್ಯಾಳ್ರಿ."

ಮನೆಗೆ ಓಡಿ ಹಸಿರು ಸೀರೆ ತಂದೆ. ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ನಿರಿಗೆ ಎರಡು ಸಲ ಜಾರಿತು, ಮತ್ತೆ ಮೊದಲಿಂದ ಹಿಡಿದೆ. ಸೆರಗು ಹೊದಿಸಿ, ಕಿವಿಯ ಹತ್ತಿರ ಬಾಗಿ, "ತಪ್ಪಾತಬೇ ಎಸ್ತೇರವ್ವಾ" ಎಂದೆ. ಹಿಂದೆ ನಿಂತವಳೊಬ್ಬಳು ಕಣ್ಣೊರೆಸಿಕೊಂಡು, "ಹೊಸಾದು ಎಷ್ಟು ಛಲೋ ಒಪ್ಪೇತಿ ನೋಡ್ರಿ" ಎಂದಳು.

ಹೆಣಕ್ಕೆ ಉಡಿಸಲು ಕೊಟ್ಟಿದ್ದೆನೇ ಎಂದು ಕೇಳಿದ್ದವಳು ನಾನು. ನನ್ನ ಕೈಯಿಂದಲೇ ಉಡಿಸಿ ಕಳಿಸಿದೆ.